ಕತ್ತರಿಗೊಂದು ತಿದ್ದುಪಡಿ

ಮಾರ್ಚ್ 3, ಸೋಮವಾರ

ಇವತ್ತು ಮೂರು ಬಣ್ಣದ ಕೂದಲು ಗುಡಿಸಿದೆ. ಬಿಳಿಯದು ಅಂಚೆಯವರದು, ಕಪ್ಪು ಔಷಧಿ ಅಂಗಡಿಯವರದು. ಕೆಂಪು ಬಣ್ಣ ಹಾಕಿಸಿಕೊಂಡವರು ಯಾರೆಂದು ಕೇಳುವ ಧೈರ್ಯ ಆಗಲಿಲ್ಲ. ಮಾವ ನಮ್ಮಲ್ಲಿಗೆ ಬಂದು ಮೂರು ತಿಂಗಳಾಯಿತು. ಬಂದ ದಿನ "ಒಂದು ಮೂಲೇಲಿ ಇದ್ದುಬಿಡ್ತೀನಮ್ಮ, ನಾನಿರೋದು ನಿನಗೆ ಗೊತ್ತೇ ಆಗಲ್ಲ" ಎಂದಿದ್ದರು. ಆ ಮೂಲೆ ಬೆಳೆದು ಬೆಳೆದು ಈಗ ಇಡೀ ವರಾಂಡ ಆಗಿದೆ. ಮೊದಲು ಊಟದ ಮೇಜಿನ ಒಂದು ಕುರ್ಚಿ ಅಲ್ಲಿಗೆ ಹೋಯಿತು, ಆಮೇಲೆ ನನ್ನ ಕನ್ನಡಿ, ಆಮೇಲೆ ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಟವೆಲು. ಎಪ್ಪತ್ತೆಂಟು ವರ್ಷದ ಮನುಷ್ಯ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿ ತಲೆ ಕತ್ತರಿಸುತ್ತಾರೆ. ಯಾಕೆ ಎಂದರೆ ಕೈ ಸುಮ್ಮನಿರಲ್ಲ ಅನ್ನುತ್ತಾರೆ. ಬಸ್ಸು ಓಡಿಸಿ ದಣಿದು ಬಂದ ಇವರಾದರೂ ಎರಡು ಮಾತು ಹೇಳುತ್ತಾರೆಂದು ಕಾದರೆ, ತಾವೂ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರು. ಅಪ್ಪನಿಗೆ ತಕ್ಕ ಮಗ.

ನಾನು ಬಾಗಿಲು ಕಾಯುವ ಶಾಸನಸಭೆಯ ಸದನದಲ್ಲಿ ಇವತ್ತು ಸುದ್ದಿ ಇತ್ತು. ನಾವು ಬಾಗಿಲಿನವರು ಮೀಸೆ ಸದಸ್ಯರು ಎಂದು ಕರೆಯುವವರು ಒಂದು ನಿರ್ಣಯ ತರುತ್ತಾರಂತೆ. ಆ ಯುದ್ಧ ಮುಗಿದು ಐವತ್ತು ವರ್ಷವಾಯಿತಲ್ಲ, ಅದರಲ್ಲಿ ಹೋರಾಡಿದವರಿಗೆ ಈ ತಿಂಗಳ ಇಪ್ಪತ್ತೆರಡಕ್ಕೆ ಸನ್ಮಾನ. ಸನ್ಮಾನ ಮಾಡಲಿ, ಬೇಡ ಎಂದವರು ಯಾರು? ಆದರೆ ಮೈದಾನ, ಸಭಾಭವನ ಎಲ್ಲ ಬಿಟ್ಟು ಸದನದ ಒಳಗೇ ಮಾಡಬೇಕಂತೆ, ಸದಸ್ಯರ ಆಸನಗಳಲ್ಲೇ ಅವರನ್ನು ಕೂರಿಸಬೇಕಂತೆ. ಅದಕ್ಕೇ ಸದನದ ಒಪ್ಪಿಗೆ ಬೇಕು. ಹೊರಗಿನವರು ಮುಖ್ಯ ಬಾಗಿಲ ಹೊಸ್ತಿಲಿಗೆ ಹೊಡೆದ ಹಿತ್ತಾಳೆ ಪಟ್ಟಿ ದಾಟುವಂತಿಲ್ಲ. ಹದಿನಾರು ವರ್ಷದಿಂದ ಆ ಪಟ್ಟಿಯ ಪಕ್ಕದಲ್ಲಿ ನಿಂತವಳು ನಾನು. ಮಂತ್ರಿಯ ಭಾವಮೈದುನನನ್ನು ತಡೆದಿದ್ದೇನೆ, ಹೂಗುಚ್ಛ ತಂದವರನ್ನು ತಡೆದಿದ್ದೇನೆ. ಒಂದು ಬೆಕ್ಕು ಬಿಟ್ಟರೆ ಯಾರೂ ನನ್ನನ್ನು ದಾಟಿಲ್ಲ. ಈಗ ನೂರಾರು ಜನ ಒಮ್ಮೆಗೇ ನುಗ್ಗಿದರೆ ನಿಯಮದ ಗತಿ ಏನು?

ಎರಡನೇ ಬಾಗಿಲಿನವಳು, "ನಿಮ್ಮ ಮಾವನೂ ಆ ಯುದ್ಧದಲ್ಲಿದ್ರು ಅಂತಿದ್ರಲ್ಲ, ಯಾವ ದಳ?" ಎಂದು ಕೇಳಿದಳು. ಸೈನ್ಯದಲ್ಲಿದ್ದರು ಎಂದಷ್ಟೇ ಹೇಳಿ, ಬಾಗಿಲ ಹಿಡಿ ಒರೆಸಲು ತಿರುಗಿದೆ. ಸುಳ್ಳಂತೂ ಹೇಳಿಲ್ಲ.

ಮಾರ್ಚ್ 4, ಮಂಗಳವಾರ

ಇವರಿಗೆ ಹೇಳಬಾರದಿತ್ತು. ಊಟಕ್ಕೆ ಕೂತಾಗ ಇವರು ನಿರ್ಣಯದ ಸುದ್ದಿ ತೆಗೆದರು. ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ನನ್ನ ಮುಖ ನೋಡಿದರು.

"ಎಲ್ಲರನ್ನೂ ಕರೀತಾರಾ?"

ಸದನ ಒಪ್ಪಿದರೆ ಕರೆಯುತ್ತಾರೆ ಎಂದೆ.

"ಎಷ್ಟು ತಲೆ ಉಳಿದಿದೆ ಅಂತ ಒಂದ್ಸಲ ನೋಡ್ಬೇಕಮ್ಮ," ಎಂದರು. ಮುಖಗಳು ಮಾವನಿಗೆ ನೆನಪಿಲ್ಲವಂತೆ, ತಲೆಗಳು ನೆನಪಿವೆಯಂತೆ. ಹಿಂದಿನಿಂದ ನೋಡಿಯೇ ಇಂಥವರು ಎಂದು ಹೇಳಬಲ್ಲರಂತೆ. ಊಟ ಮುಗಿಯುವವರೆಗೆ ತಲೆಗಳದ್ದೇ ಪುರಾಣ. ಯಾರಿಗೆ ಎಡ ಸುಳಿ, ಯಾರ ನೆತ್ತಿ ಚಪ್ಪಟೆ, ಯಾರ ಕಿವಿಯ ಹಿಂದೆ ಮಚ್ಚೆ. ನನಗೆ ಅನ್ನ ಇಳಿಯಲಿಲ್ಲ.

ಮಾರ್ಚ್ 6, ಗುರುವಾರ

ಟ್ರಂಕಿನಿಂದ ಹಳೆಯ ಸಮವಸ್ತ್ರದ ಅಂಗಿ ಹೊರಬಂದಿದೆ. ನಾನು ಇಸ್ತ್ರಿ ಮಾಡಿಕೊಡುತ್ತೇನೆ ಎಂದರೂ ಕೇಳದೆ ತಾವೇ ಮಾಡಿದರು. ತೋಳಿನ ಗೆರೆ ಎಷ್ಟು ನೇರ ಬಂದಿತ್ತೆಂದರೆ ನನ್ನ ಸಮವಸ್ತ್ರವನ್ನೂ ಕೊಟ್ಟುಬಿಡೋಣ ಅನಿಸಿತು. ಕೊಡಲಿಲ್ಲ, ಸಲುಗೆ ಹೆಚ್ಚಾಗುತ್ತದೆ.

ಇಸ್ತ್ರಿ ಮಾಡುತ್ತಾ ಒಂದು ಕಥೆ ಹೇಳಿದರು. ಒಬ್ಬ ಅಧಿಕಾರಿಗೆ ಗಡ್ಡ ಹೆರೆಯುತ್ತಿದ್ದಾಗ ಗುಂಡಿನ ದಾಳಿ ಶುರುವಾಯಿತಂತೆ. ಅರ್ಧ ಕೆನ್ನೆ ನುಣುಪು, ಅರ್ಧ ಕೆನ್ನೆ ಸೋಪಿನ ನೊರೆ. ಆತ ಹಾಗೇ ಎದ್ದು ಓಡಿದವನು ಬಂದದ್ದು ಮೂರನೇ ದಿನ. ಬಂದವನೇ ಸೀದಾ ಕುರ್ಚಿಯಲ್ಲಿ ಕೂತು, ಬಾಕಿ ಅರ್ಧ ಮಾಡು ಎಂದನಂತೆ. ನಗು ತಡೆಯಲಾಗಲಿಲ್ಲ. ನಕ್ಕೆ ಎಂದು ಮಾವನಿಗೆ ಗೊತ್ತಾಗದಿರಲಿ ಎಂದು ಅಡುಗೆಮನೆಗೆ ಹೋಗಿ ನಕ್ಕೆ.

ಮಾರ್ಚ್ 7, ಶುಕ್ರವಾರ

ಅಚ್ಚಾದ ನಿರ್ಣಯ ಬೆಳಿಗ್ಗೆ ಕೈಗೆ ಬಂತು. ಯಾರನ್ನು ಒಳಗೆ ಬಿಡಬೇಕೆಂದು ತಿಳಿಯಬೇಕಲ್ಲ, ಅದಕ್ಕೆ ಬಾಗಿಲಿನವರಿಗೂ ಒಂದೊಂದು ಪ್ರತಿ ಕೊಡುತ್ತಾರೆ. "ರಣರಂಗದಲ್ಲಿ ಆಯುಧ ಹಿಡಿದು ಹೋರಾಡಿದ ಮಾಜಿ ಯೋಧರಿಗೆ ಸದನದ ಒಳಗೆ ಪ್ರವೇಶ ನೀಡತಕ್ಕದ್ದು" ಎಂದಿದೆ. ಆಯುಧ ಹಿಡಿದು. ಎರಡು ಸಲ ಓದಿದೆ. ಸೈನ್ಯದಲ್ಲಿ ಮಾವ ಹಿಡಿದದ್ದು ಕತ್ತರಿ, ಕ್ಷೌರದ ಕತ್ತಿ. ಅವರಿಗೆ ಪ್ರವೇಶವಿಲ್ಲ, ತಡೆಯಬೇಕಾದವಳು ನಾನು.

ನನಗೆ ನಾನೇ ಬರೆದುಕೊಳ್ಳುತ್ತಿರುವುದರಿಂದ ನಿಜ ಹೇಳುತ್ತೇನೆ. ಮೊದಲು ಹಾಯೆನಿಸಿತು. ನಾನು ಸೈನ್ಯ ಎಂದದ್ದು ಕ್ಷೌರದ ಕುರ್ಚಿಯೆಂದು ಇನ್ನು ಎರಡನೇ ಬಾಗಿಲಿನವಳಿಗೆ ಗೊತ್ತಾಗುವ ಪ್ರಮೇಯವಿಲ್ಲ.

ಸಂಜೆ ಮಾವನಿಗೆ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. "ನಿಜ ತಾನೇ ಬರ್ದಿದ್ದಾರೆ, ನಾನೆಲ್ಲಿ ಕೋವಿ ಹಿಡ್ದಿದ್ದೆ?" ಎಂದು ನಕ್ಕರು. ಮೊಳೆಗೆ ತೂಗುಹಾಕಿದ್ದ ಅಂಗಿಯನ್ನು ಇಳಿಸಿ, ಇಸ್ತ್ರಿಯ ಗೆರೆ ಕೆಡದ ಹಾಗೆ ನಿಧಾನವಾಗಿ ಮಡಚಿ, ಟ್ರಂಕಿಗೆ ಹಾಕಿದರು. ಬೆಳಿಗ್ಗೆ ಹಾಯೆನಿಸಿದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮಾರ್ಚ್ 8, ಶನಿವಾರ

ವರಾಂಡದಲ್ಲಿ ಒಂದೆಳೆ ಕೂದಲಿಲ್ಲ. ಮಾವ ಯಾರನ್ನೂ ಕರೆಯಲಿಲ್ಲ. ಅಂಚೆಯವರು ನಿಧಾನವಾಗಿ ನಡೆದುಹೋದರೂ ಕರೆಯಲಿಲ್ಲ. ಗುಡಿಸಲು ಏನೂ ಇರಲಿಲ್ಲ. ಆದರೂ ಒಂದು ಸಲ ಗುಡಿಸಿದೆ.

ಮಾರ್ಚ್ 9, ಭಾನುವಾರ

ತರಕಾರಿ ಚೀಲ ಹಿಡಿದು ಗೇಟು ತೆಗೆದರೆ ನಮ್ಮ ವರಾಂಡದಲ್ಲಿ ಸದನದ ಸದಸ್ಯರೊಬ್ಬರು ಕೂತಿದ್ದಾರೆ. ಕುತ್ತಿಗೆಗೆ ನನ್ನ ಟವೆಲು, ತಲೆಯ ಒಂದು ಪಕ್ಕ ಕತ್ತರಿಸಿ ಮುಗಿದಿದೆ. ನನಗೆ ಅಭ್ಯಾಸಬಲ. ಚೀಲ ಕೆಳಗಿಟ್ಟು ಸೆಲ್ಯೂಟ್ ಹೊಡೆದೆ. ಎರಡು ಬದನೆಕಾಯಿ ಉರುಳಿ ಅವರ ಕಾಲ ಬಳಿ ಹೋಗಿ ನಿಂತವು.

ಕೂತಿದ್ದವರು ಬೇರೆ ಯಾರೂ ಅಲ್ಲ, ಕೊನೆಯ ಸಾಲಿನ ಮೌನಿ. ಒಂಬತ್ತು ವರ್ಷದಿಂದ ಸದಸ್ಯರು, ಇವತ್ತಿನವರೆಗೆ ಸದನದಲ್ಲಿ ತುಟಿ ಬಿಚ್ಚಿದವರಲ್ಲ. ಕೈ ಎತ್ತು ಎಂದಾಗ ಎತ್ತುತ್ತಾರೆ, ಇಳಿಸು ಎಂದಾಗ ಇಳಿಸುತ್ತಾರೆ. ಪಕ್ಕದ ಬೀದಿಯಲ್ಲೇ ಅವರ ತಂಗಿಯ ಮನೆಯಂತೆ. ಮಾವ ನಿನ್ನೆಯಿಂದ ಕೈಕಟ್ಟಿ ಕೂತಿದ್ದರೂ ಮೌನಿಯ ತಲೆ ನೋಡಿದ ಮೇಲೆ ತಡೆಯಲಾಗಲಿಲ್ಲವಂತೆ. "ಸ್ವಾಮಿ, ನಿಮ್ಮ ತಲೆಗೆ ಯಾರೋ ಅನ್ಯಾಯ ಮಾಡಿದ್ದಾರೆ, ಬನ್ನಿ ಕೂತ್ಕೊಳ್ಳಿ" ಎಂದು ಕರೆದರಂತೆ.

ಆಶ್ಚರ್ಯವೆಂದರೆ ಕುರ್ಚಿಯಲ್ಲಿ ಕೂತ ಮೌನಿ ಮೌನಿಯಾಗಿರಲಿಲ್ಲ. ತಂಗಿಯ ಮಂಡಿನೋವು, ಅಮ್ಮನ ಮುಂಗೋಪ, ತಾವು ಚಿಕ್ಕವರಿದ್ದಾಗ ಮೇಷ್ಟರು ಎಲ್ಲರೆದುರು ನಗೆಪಾಟಲು ಮಾಡಿದ್ದು, ಒಂದಾದ ಮೇಲೊಂದು ಹೊರಬಂತು. ಮಾವ ಹೂಂ ಹೂಂ ಎನ್ನುತ್ತಾ ಕತ್ತರಿ ಆಡಿಸುತ್ತಿದ್ದರು. ಆಮೇಲೆ ಮೌನಿಯೇ ಕೇಳಿದರು, ಕ್ಷೌರದವರಿಗೆ ರಣರಂಗದಲ್ಲಿ ಏನು ಕೆಲಸ ಎಂದು.

ಮಾವ ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ. "ದಾಳಿಗೆ ಹೊರಡೋ ಹಿಂದಿನ ದಿನ ಎಲ್ರೂ ನನ್ನ ಹತ್ರ ಬರೋರು ಸ್ವಾಮಿ. ಕೂದಲು ಬೆಳೆದಿರ್ಲಿ ಬಿಡ್ಲಿ, ಬರೋರು. ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳು, ಮೈಯೆಲ್ಲ ನಡುಕ. ಹೇಗೂ ಕತ್ತರಿಸೋಕೆ ಏನಿಲ್ಲ. ಸುಮ್ನೆ ತಲೆ ಹಿಡ್ಕೊಂಡು ಮನೆ ಸುದ್ದಿ ಕೇಳ್ತಾ ಕತ್ತರಿ ಶಬ್ದ ಮಾಡ್ತಿದ್ದೆ. ತಲೆ ನನ್ನ ಕೈಲಿರೋವಷ್ಟು ಹೊತ್ತು ಒಬ್ರೂ ನಡುಗ್ತಿರಲಿಲ್ಲ."

ಹದಿನೆಂಟು ವರ್ಷದಿಂದ ಈ ಮನೆಯ ಸೊಸೆಯಾಗಿದ್ದೇನೆ, ಇದನ್ನು ನಾನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ತಾನೇ ಹೇಳುವುದು. ಮೌನಿ ಟವೆಲು ಕೊಡವಿ ಎದ್ದು, ಗೇಟಿನವರೆಗೆ ಹೋಗಿ, ಆ ನಿರ್ಣಯದಲ್ಲಿ ಇಂಥವರಿಗೆ ಜಾಗ ಇಲ್ಲವಲ್ಲ ಎಂದರು.

ಸದನದ ವಿಷಯದಲ್ಲಿ ಬಾಗಿಲಿನವರು ಸದಸ್ಯರಿಗೆ ಏನನ್ನೂ ಹೇಳಬಾರದು. ಕಟ್ಟುನಿಟ್ಟಿನ ನಿಯಮ, ನಾನೇ ಹೊಸಬರಿಗೆ ಪಾಠ ಮಾಡುತ್ತೇನೆ. ಹಾಗಾಗಿ ಏನೂ ಹೇಳಲಿಲ್ಲ. ತಿದ್ದುಪಡಿ ಕೊಡಲು ನಾಳೆ ಬೆಳಿಗ್ಗೆ ಹತ್ತು ಗಂಟೆಯೇ ಕೊನೆ, ಕಾರ್ಯದರ್ಶಿಯ ಕೋಣೆ ಮೆಟ್ಟಿಲ ಎಡಕ್ಕೆ, ಕಾಗದದ ಮೇಲೆ ಸಹಿ ಮರೆಯಬಾರದು ಎಂದಷ್ಟೇ ಹೇಳಿದೆ. ಇದು ಸಮಯ ತಿಳಿಸುವುದು, ದಾರಿ ತೋರಿಸುವುದು. ಯಾರು ಕೇಳಿದರೂ ಹೇಳುತ್ತೇನೆ.

ಮಾರ್ಚ್ 10, ಸೋಮವಾರ

ಮೌನಿ ಒಂಬತ್ತು ಐವತ್ತಕ್ಕೆ ಮೆಟ್ಟಿಲ ಎಡಕ್ಕೆ ಹೋದರು. ತಲೆ ಚೆನ್ನಾಗಿ ಕಾಣುತ್ತಿತ್ತು.

ಮಾರ್ಚ್ 12, ಬುಧವಾರ

ಮೀಸೆ ಸದಸ್ಯರಿಗೆ ಕೋಪ. ಮೊಗಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ, ತಾವು ಕೈತುತ್ತು ಹಾಕಿ ಬೆಳೆಸಿದ ನಿರ್ಣಯಕ್ಕೆ ಕೊನೆಯ ಸಾಲಿನವರು ಬಾಲ ಅಂಟಿಸಿದ್ದಾರೆ ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ಅವರ ಮಾತಲ್ಲೂ ಅರ್ಥವಿದೆ. ಇರುವುದು ನೂರ ಇಪ್ಪತ್ತು ಆಸನ. ಅರವತ್ತು ಯೋಧರಿಗೆ, ಉಳಿದದ್ದು ಸದಸ್ಯರಿಗೆ ಎಂದು ಲೆಕ್ಕ ಹಾಕಿದ್ದರು. ಅಡುಗೆಯವರು, ಗಾಯಾಳುಗಳನ್ನು ಹೊತ್ತವರು, ಕ್ಷೌರದವರು ಎಲ್ಲ ಬಂದರೆ ಇನ್ನೂ ನಲವತ್ತೈವತ್ತು ಜನ.

ನಾಳೆ ಅಧಿವೇಶನದ ಕೊನೆಯ ದಿನ. ತಿದ್ದುಪಡಿಯನ್ನು ಕರೆದಾಗ ಕೊಟ್ಟವರು ಒಳಗಿರಬೇಕು. ಮೂರು ಸಲ ಕರೆದರೂ ಎದ್ದು ನಿಲ್ಲದಿದ್ದರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆ, ಮತ್ತೆ ತರುವಂತಿಲ್ಲ. ಮಾವನಿಗೆ ಇದನ್ನೆಲ್ಲ ಹೇಳಿಲ್ಲ. ಆಸೆ ಹುಟ್ಟಿಸಿ ಮತ್ತೆ ಅಂಗಿ ಮಡಚುವುದನ್ನು ನೋಡಲಾರೆ. ಎರಡು ಸಲ ಸಾರಿಗೆ ಉಪ್ಪು ಹಾಕಿದೆ. ಇವರು ಮುಖ ಕಿವುಚಿದರು, ಮಾವ ಮಾತ್ರ ಚೆನ್ನಾಗಿದೆ ಎಂದು ತಿಂದರು.

ಮಾರ್ಚ್ 13, ಗುರುವಾರ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಇರಲಿ.

ಮಧ್ಯಾಹ್ನ ಮೂರಕ್ಕೆ ನಿರ್ಣಯ ಬಂತು. ಮೀಸೆ ಸದಸ್ಯರು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಸಭಾಧ್ಯಕ್ಷರು ಕನ್ನಡಕ ಏರಿಸಿ, "ತಿದ್ದುಪಡಿ ಇದೆ, ಮಂಡಿಸುವವರು ಮಂಡಿಸಲಿ" ಎಂದರು. ಎಲ್ಲರೂ ಕೊನೆಯ ಸಾಲಿಗೆ ತಿರುಗಿದರು. ಕುರ್ಚಿ ಖಾಲಿ.

ನನಗೆ ಗೊತ್ತಿತ್ತು ಅವರೆಲ್ಲಿದ್ದಾರೆಂದು. ಬಾಗಿಲ ಗಾಜಿನಲ್ಲಿ ಕಾಣುತ್ತಿದ್ದರು. ಮೊಗಸಾಲೆಯ ನೀರಿನ ಪಾತ್ರೆಯ ಪಕ್ಕ, ಲೋಟ ಹಿಡಿದುಕೊಂಡು, ಗೋಡೆಗೆ ಅಂಟಿಕೊಂಡು ನಿಂತಿದ್ದರು. ನಾಲ್ಕನೇ ಲೋಟ. ಎಣಿಸಿದ್ದೆ. ಒಳಗೆ ಎರಡನೇ ಸಲ ಕರೆದರು. ನಾನು ಬಾಗಿಲು ತೆರೆದು ಹೊರಗೆ ಹೋದೆ.

"ಆಗಲ್ಲಮ್ಮ," ಎಂದರು. "ಗಂಟಲು ಒಣಗಿದೆ."

"ನಾಲ್ಕು ಲೋಟ ಕುಡಿದಿದ್ದೀರಿ ಸರ್."

"ಎಲ್ರೂ ನಗ್ತಾರೆ."

"ನಗಲಿ. ಮೂರನೇ ಸಲ ಕರೆದ್ರೆ ಮುಗೀತು. ಒಳಗೆ ನಡೀರಿ."

ನಡೆಯಲಿಲ್ಲ. ಲೋಟ ಕಿತ್ತುಕೊಂಡೆ. ಭುಜ ಹಿಡಿದು ತಿರುಗಿಸಿ, ಬೆನ್ನಿಗೆ ಎರಡೂ ಕೈ ಕೊಟ್ಟು ತಳ್ಳಿದೆ. ಹಿತ್ತಾಳೆ ಪಟ್ಟಿ ದಾಟಿ ಎರಡು ಹೆಜ್ಜೆ ಒಳಗೆ ಹೋಗಿ ನಿಂತರು, ಅಷ್ಟರಲ್ಲಿ ಮೂರನೇ ಕರೆ ಬಂತು. ಇದ್ದೇನೆ ಎಂದರು. ಎಷ್ಟು ಸಣ್ಣ ದನಿಯೆಂದರೆ ಸಭಾಧ್ಯಕ್ಷರು ಯಾರು ಎಂದು ಹುಡುಕಿದರು.

ತಮ್ಮ ಕುರ್ಚಿಯವರೆಗೂ ಹೋಗದೆ ಬಾಗಿಲ ಬಳಿಯೇ ನಿಂತು ಮಾತಾಡಿದರು. "ಅಧ್ಯಕ್ಷರೇ, ಕೋವಿ ಹಿಡಿದವರ ಕೈ ನಡುಗದ ಹಾಗೆ ನೋಡಿಕೊಂಡವರೂ ಅಲ್ಲಿದ್ದರು. ಅನ್ನ ಬೇಯಿಸಿದವರು, ಗಾಯಾಳುಗಳನ್ನು ಹೊತ್ತವರು, ಹೊರಡುವ ಹಿಂದಿನ ದಿನ ತಲೆ ಹಿಡಿದುಕೊಂಡು ಕ್ಷೌರ ಮಾಡಿದವರು. ಆಯುಧ ಹಿಡಿದು ಹೋರಾಡಿದ ಎಂಬ ಮಾತು ತೆಗೆದು ಸೇವೆ ಸಲ್ಲಿಸಿದ ಎಂದು ಹಾಕಬೇಕು. ಅಷ್ಟೇ."

ನಗುವುದಿರಲಿ, ಕೆಮ್ಮಿದವರೂ ಇಲ್ಲ. ಒಂಬತ್ತು ವರ್ಷದ ಮೇಲೆ ಬಂದ ಮಾತು ನೋಡಿ.

ಮೀಸೆ ಸದಸ್ಯರು ಎದ್ದರು. "ನನಗೇನು ಮನಸ್ಸಿಲ್ವಾ? ಕುರ್ಚಿ ಇಲ್ಲ. ಅವರನ್ನೆಲ್ಲ ಎಲ್ಲಿ ಕೂರಿಸೋದು ಹೇಳಿ."

"ನನ್ನ ಕುರ್ಚಿ ತಗೊಳ್ಳಿ," ಎಂದರು ಮೌನಿ. "ನಾನು ನಿಂತ್ಕೋತೀನಿ. ಒಂಬತ್ತು ವರ್ಷದಿಂದ ಅದಕ್ಕೂ ಏನೂ ಕೆಲಸ ಇಲ್ಲ."

ಮೊದಲು ನಕ್ಕವರು ಮೀಸೆಯವರೇ. ನಕ್ಕು ಮುಗಿಸಿ, ಹಾಗಾದರೆ ನಾನೂ ನಿಲ್ಲುತ್ತೇನೆ ಎಂದರು. ಅವರ ಹಿಂದಿನವರು ನಾನೂ ಎಂದರು. ಆ ಕಡೆಯವರು ನಾವು ಇವರಿಗಿಂತ ಮೊದಲೇ ನಿಲ್ಲಲು ತಯಾರಿದ್ದೆವು ಎಂದು ಜಗಳ ತೆಗೆದರು. ಸಭಾಧ್ಯಕ್ಷರು ಧ್ವನಿಮತಕ್ಕೆ ಹಾಕಿದಾಗ ಬಂದ ಹೌದಿಗೆ ದೀಪದ ಗಾಜು ಅದುರಿತು. ಇಲ್ಲ ಎನ್ನುವವರು ಎಂದು ಕೇಳಿದರೆ ಫ್ಯಾನಿನ ಸದ್ದು ಮಾತ್ರ. ಬಾಗಿಲಲ್ಲಿ ನಿಂತವಳು ಮುಖದಲ್ಲಿ ಏನನ್ನೂ ತೋರಿಸಬಾರದು, ಅದಕ್ಕೆ ಬಾಗಿಲ ಕಡೆ ತಿರುಗಿ ನಿಂತೆ.

ಸಂಜೆ ಬಾಗಿಲಿನವರ ಮೇಲಧಿಕಾರಿ ಹಿರಿಯ ಮಾರ್ಷಲ್ ಕರೆಸಿದರು. ಸದಸ್ಯರ ಮೈಮುಟ್ಟಿ ತಳ್ಳಿದ್ದು ಯಾಕೆ ಎಂದು ಕೇಳಿದರು. ಬಾಗಿಲ ಹತ್ತಿರ ಯಾರೂ ಸುಮ್ಮನೆ ನಿಲ್ಲಬಾರದು, ನಿಂತವರನ್ನು ಒಳಗೋ ಹೊರಗೋ ಕಳಿಸಬೇಕು, ನಿಯಮ ಹನ್ನೊಂದು ಎಂದೆ. ನನ್ನನ್ನೊಮ್ಮೆ ನೋಡಿ, ಸರಿ ಹೋಗಿ ಎಂದರು.

ಮನೆಗೆ ಬಂದು ಮಾವನಿಗೆ ಹೇಳಿದೆ. ಎದ್ದುಹೋಗಿ ಟ್ರಂಕು ತೆರೆದು ಅಂಗಿಯನ್ನು ಮತ್ತೆ ಮೊಳೆಗೆ ತೂಗುಹಾಕಿದರು. ಮಡಚಿದ ಗುರುತು ಬಿದ್ದಿತ್ತು. ನನ್ನ ಸಮವಸ್ತ್ರವನ್ನೂ ಜೊತೆಗೇ ಕೊಟ್ಟೆ, ಹೇಗೂ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಾರಲ್ಲ.

ಮಾರ್ಚ್ 17, ಸೋಮವಾರ

ಹೊರಗಿನವರನ್ನು ಸದನದ ಒಳಗೆ ಬಿಡುವುದು ಹೇಗೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಯಾರೂ ಬಿಟ್ಟಿರಲಿಲ್ಲವಲ್ಲ. ಹಳೆಯ ನಿಯಮ ಪುಸ್ತಕ ಹುಡುಕಿ ಧೂಳು ಕೊಡವಿ ಓದಿದೆ. ಸದನದ ಒಪ್ಪಿಗೆಯಿಂದ ಬರುವವರ ಹೆಸರು ಮತ್ತು ಅವರು ಮಾಡಿದ ಕೆಲಸವನ್ನು ಬಾಗಿಲಿನವರು ಕೂಗಿ ಹೇಳಬೇಕಂತೆ, ಹೇಳಿದ ಮೇಲೆಯೇ ಅವರು ಒಳಗೆ ಕಾಲಿಡಬೇಕಂತೆ. ನೂರ ನಾಲ್ಕು ಜನ. ಗಂಟಲಿಗೆ ಈಗಿನಿಂದಲೇ ಬಿಸಿನೀರು ಶುರು ಮಾಡಿದ್ದೇನೆ.

ಹೆಸರಿನ ಪಟ್ಟಿ ಸಿದ್ಧಮಾಡಿದವರು ಕೋವಿಯವರಿಗೆಲ್ಲ ದಳ, ಹುದ್ದೆ ಬರೆದಿದ್ದಾರೆ. ಉಳಿದವರೆಲ್ಲರಿಗೂ "ಸಹಾಯಕ ಸಿಬ್ಬಂದಿ" ಎಂದೇ ಇದೆ. ಮಾವನಿಗೂ ಅದೇ. ಹಿರಿಯ ಮಾರ್ಷಲ್, ಕೂಗೋಕೆ ಇದೇ ಮರ್ಯಾದೆಯಾಗಿರುತ್ತದೆ ಎಂದರು. ಎರಡನೇ ಬಾಗಿಲಿನವಳು ಪಟ್ಟಿ ಇಣುಕಿ, ಹೆಸರು ಗುರುತಿಸಿ, ನಿಮ್ಮ ಮಾವ ಸಹಾಯಕ ಸಿಬ್ಬಂದಿಯಾ ಎಂದಳು. ಹೂಂ ಎಂದೆ. ಆ ಮೇಲೆ ಇಡೀ ಮಧ್ಯಾಹ್ನ ಎಲ್ಲರ ಮೇಲೂ ಸಿಡುಕಿದೆ. ಬಿಸಿಲು ಜಾಸ್ತಿ ಇತ್ತು.

ಮಾರ್ಚ್ 22, ಶನಿವಾರ

ಕಾಲು ಬಿದ್ದುಹೋಗುತ್ತಿದೆ, ಗಂಟಲು ಇಲ್ಲವೇ ಇಲ್ಲ. ಆದರೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಹತ್ತಕ್ಕೇ ಮೊಗಸಾಲೆ ತುಂಬಿತ್ತು. ಊರುಗೋಲಿನವರು, ಗಾಲಿಕುರ್ಚಿಯವರು, ಮೊಮ್ಮಕ್ಕಳ ಕೈ ಹಿಡಿದವರು. ಸದಸ್ಯರೆಲ್ಲ ಒಳಗೆ ಗೋಡೆಗುಂಟ ನಿಂತಿದ್ದರು. ಮೀಸೆಯವರ ಪಕ್ಕ ಮೌನಿ. ನಾನು ಒಬ್ಬೊಬ್ಬರನ್ನೇ ಕೂಗಿದೆ. ಫಿರಂಗಿ ದಳ, ಸೇತುವೆ ದಳ, ಕಾಲಾಳು. ಪ್ರತಿಯೊಬ್ಬರೂ ಹಿತ್ತಾಳೆ ಪಟ್ಟಿಯ ಮುಂದೆ ಒಂದು ಕ್ಷಣ ನಿಂತು, ದಾಟಿ, ಒಳಗೆ ಹೋಗಿ ಕೂತರು. ಮಾವ ಸಾಲಿನ ಕೊನೆಯಲ್ಲಿದ್ದರು. ಎಲ್ಲರಿಗೂ ಜಾಗ ಬಿಟ್ಟು ಬಿಟ್ಟು ಕೊನೆಗೆ ಹೋಗಿಬಿಟ್ಟಿದ್ದರು.

ಎದುರಿಗೆ ಬಂದು ನಿಂತರು. ಮಡಿಕೆಯ ಗುರುತಿಲ್ಲದ ಅಂಗಿ. ಬಾಗಿಲಲ್ಲಿ ನಾನು ಯಾರ ಸೊಸೆಯೂ ಅಲ್ಲವೆಂದು ಅವರಿಗೂ ಗೊತ್ತು, ಅದಕ್ಕೆ ನಗಲಿಲ್ಲ. ಕೈಯಲ್ಲಿದ್ದ ಹೆಸರಿನ ಪಟ್ಟಿ ನೋಡಿದೆ. ಸಹಾಯಕ ಸಿಬ್ಬಂದಿ. ಹೆಸರು ಕೂಗಿದೆ. ಆಮೇಲೆ ಪಟ್ಟಿ ಕೆಳಗಿಳಿಸಿ, "ಪಡೆಯ ಕ್ಷೌರಿಕರು" ಎಂದು ಕೂಗಿದೆ. ಹಿರಿಯ ಮಾರ್ಷಲ್ ತಿರುಗಿ ನೋಡಿದರು. ಎರಡನೇ ಬಾಗಿಲಿನವಳೂ ನೋಡಿದಳು. ಇನ್ನೊಂದು ಸಲ ಕೂಗಿದೆ. "ಪಡೆಯ ಕ್ಷೌರಿಕರು. ನಮ್ಮ ಮಾವ."

ಒಳಗೆ ಮುಂದಿನ ಸಾಲಿನಲ್ಲಿ ಮುದುಕರೊಬ್ಬರು ಕಷ್ಟಪಟ್ಟು ಕತ್ತು ತಿರುಗಿಸಿ ನೋಡಿದರು. ತಲೆಯ ಮೇಲಿನ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಕ್ಷೌರಕ್ಕೆ ಕೂತವರ ಹಾಗೆ ಗದ್ದವನ್ನು ಎದೆಗೆ ತಾಗಿಸಿ ತಲೆ ಬಾಗಿಸಿದರು. ಅವರ ಪಕ್ಕದವರು ಬಾಗಿಸಿದರು. ಹಿಂದಿನ ಸಾಲು, ಅದರ ಹಿಂದಿನದು. ಯಾರೂ ಹೇಳಿಕೊಟ್ಟಿರಲಿಲ್ಲ. ಸದಸ್ಯರಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ನನಗೆ ತಿಳಿಯಿತು. ನಾನು ಅತ್ತುಬಿಟ್ಟೆ, ಸಮವಸ್ತ್ರದಲ್ಲಿ, ಬಾಗಿಲಲ್ಲಿ.

ಮಾವ ಹಿತ್ತಾಳೆ ಪಟ್ಟಿ ದಾಟಿ ಸಾಲುಗಳ ಮಧ್ಯೆ ನಡೆದರು. ಮೊದಲನೆಯವರ ತಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ಚೂರು ಓರೆ ಮಾಡಿ ನೋಡಿ, ಹೂಂ ಎಂದು ಮುಂದೆ ಹೋದರು. ಹಾಗೇ ಒಂದೊಂದು ತಲೆ. ಕೆಲವರಿಗೆ ಏನೋ ಹೇಳಿದರು, ಅವರು ತಲೆ ಬಾಗಿಸಿಕೊಂಡೇ ನಕ್ಕರು. ಸಭಾಧ್ಯಕ್ಷರು ಗಡಿಯಾರ ನೋಡಲಿಲ್ಲ. ಕಾರ್ಯಸೂಚಿಯಲ್ಲಿ ಇದು ಇರಲಿಲ್ಲ, ಆದರೆ ನಿಯಮ ತಪ್ಪಿತೆಂದು ಯಾರೂ ಕ್ರಿಯಾಲೋಪ ಎತ್ತಲಿಲ್ಲ.

ಸಂಜೆ ಬಸ್ಸಿನಲ್ಲಿ ಮಾವ, ಗುರುತಿನ ಮೂವತ್ತೊಂಬತ್ತು ತಲೆ ಸಿಕ್ಕವು ಎಂದರು. ಒಂದೆರಡು ನಿಲ್ದಾಣ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಜೋರಾಗಿ ಕೂಗಿದೆ ಕಣಮ್ಮ."

ಕೊನೆಯ ಸಾಲಿಗೆ ಕೇಳಬೇಕಲ್ಲ ಮಾವ, ಅದಕ್ಕೇ ಎಂದೆ. ಮಾಡಿದ ಕೆಲಸವನ್ನು ಕೂಗಿ ಹೇಳಬೇಕೆಂದು ಪುಸ್ತಕದಲ್ಲೇ ಇದೆ, ಪಟ್ಟಿಯವರದು ತಪ್ಪು, ನಾನು ನಡೆದದ್ದು ನಿಯಮದ ಪ್ರಕಾರವೇ ಎಂದು ವಿವರವಾಗಿ ಹೇಳಿದೆ. ಹೌದೌದು ನಿಯಮ ಎಂದು ಕಿಟಕಿ ಕಡೆ ತಿರುಗಿ ನಕ್ಕರು. ಇದರಲ್ಲಿ ನಗುವಂಥದ್ದು ಏನಿತ್ತೋ.

ನಾಳೆ ಭಾನುವಾರ. ಅಂಚೆಯವರು ಎಂಟಕ್ಕೆ ಬರುತ್ತಾರಂತೆ, ಔಷಧಿ ಅಂಗಡಿಯವರು ಒಂಬತ್ತಕ್ಕೆ. ಏಳಕ್ಕೆ ಕುರ್ಚಿ ಖಾಲಿ ಇಟ್ಟುಕೊಳ್ಳಿ, ನನ್ನ ಕೂದಲ ತುದಿ ಸೀಳಿದೆ, ಸ್ವಲ್ಪ ಕತ್ತರಿಸಿಕೊಡಿ ಎಂದು ಮಾವನಿಗೆ ಹೇಳಿಟ್ಟಿದ್ದೇನೆ.